ನಾಳೆ ಬನ್ನಿ ಎನ್ನುವ ದರ್ಜಿಗೆ ನಾಯಿ ಕಚ್ಚಿದ್ದು

ನಾಯಿಯದೇನೂ ತಪ್ಪಿಲ್ಲ ಬಿಡಿ. ಯಜಮಾನನ ಕುತ್ತಿಗೆಗೆ ಯಾರೋ ಟೇಪು ಸುತ್ತಿದರೆ ಯಾವ ನಾಯಿ ತಾನೇ ಸುಮ್ಮನಿರುತ್ತದೆ? ಹಲ್ಲು ತೋರಿಸಿ, ಗುರ್ ಎಂದು ಅದು ಮೊದಲೇ ಎಚ್ಚರಿಸಿತ್ತು. ದರ್ಜಿ ನಕ್ಕು, ಕೋಟಿನ ಉದ್ದ ಅಳೆಯಲು ಬಗ್ಗಿದ. ಬಗ್ಗಿದ್ದೇ ತಡ, ನಾಯಿ ಅವನ ಹಿಂಭಾಗದ ಅಳತೆ ತೆಗೆದುಕೊಂಡಿತು.

"ಅಯ್ಯಯ್ಯೋ! ಇದಕ್ಕೆ ಸೂಜಿ ಹಾಕ್ಸಿದ್ದೀರಾ ಸ್ವಾಮಿ?"

"ನಾಳೆ ಹಾಕ್ಸೋಣ ಅಂತಿದ್ದೆ," ಎಂದ ಗಿರಾಕಿ.

ಜೀವಮಾನವೆಲ್ಲ ಗಿರಾಕಿಗಳಿಗೆ ದರ್ಜಿ ಹೇಳಿದ್ದೂ ಅದೇ ನಾಳೆ.

ಅಂಗಡಿಯ ಹಿಂದೆಯೇ ನಲ್ಲಿಯಿತ್ತು, ಸೋಪಿತ್ತು. ಪುಣ್ಯಾತ್ಮ ಅವುಗಳ ತಂಟೆಗೇ ಹೋಗಲಿಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಗಾಯಕ್ಕೆ ತಿಕ್ಕಿ, ಪ್ಯಾಂಟಿನ ತೂತನ್ನು ಮಾತ್ರ ಯಾರಿಗೂ ಕಾಣದಂತೆ ಹೊಲಿದ. ತನ್ನ ಕೈಯ ಸೂಜಿಗೆ ಎಂದೂ ಹೆದರದವನು, ಬೇರೆಯವರ ಕೈಯಲ್ಲಿ ಸೂಜಿ ಕಂಡರೆ ಬೆವತುಹೋಗುತ್ತಿದ್ದ.

"ಏನ್ರೀ, ನಿಂತ್ಕೊಂಡು ಹೊಲೀತಿದ್ದೀರಾ?" ಎಂದಳು ಹೆಂಡತಿ.

"ಬೆನ್ನಿಗೆ ಒಳ್ಳೇದಂತೆ ಕಣೇ."

ಅವಳು ಸ್ಟೂಲು ಎಳೆದು ಕೂರಿಸಿದಳು. ಕೂತವನು ಬೀದಿಗೆಲ್ಲ ಕೇಳುವಂತೆ ಕೂಗಿ ಎದ್ದ. ನಿಜ ಹೊರಬಿತ್ತು.

"ಪ್ಯಾಂಟು ಹೊಲಿದ್ರೆ ವಿಷ ಹೋಗುತ್ತೇನ್ರೀ? ಹುಚ್ಚುನಾಯಿ ರೋಗ ಬಂದ್ರೆ ಉಳಿಯೋದುಂಟಾ?" ಅವಳ ಕಣ್ಣು ತುಂಬಿತು. ಆದರೂ ನಲ್ಲಿಯ ಕೆಳಗೆ ನಿಲ್ಲಿಸಿ, ಕಾಲು ಗಂಟೆ ಸೋಪು ಹಚ್ಚಿ ತೊಳೆದಳು.

"ನಾಳೆ ಆಸ್ಪತ್ರೆಗೆ ಹೋಗ್ತೀನಿ ಕಣೇ..."

"ನಾಳೆಯಂತೆ ನಾಳೆ! ನಡೀರಿ ಈಗ್ಲೇ."

ಆಸ್ಪತ್ರೆಯಲ್ಲಿ ಸೂಜಿ ಹಿಡಿದು ನಿಂತಿದ್ದ ನರ್ಸಮ್ಮನನ್ನು ಕಂಡು ದರ್ಜಿ ಹೆಂಡತಿಯ ಹಿಂದೆ ಸರಿದ. ನರ್ಸಮ್ಮನ ಯೂನಿಫಾರ್ಮಿನ ಬಟ್ಟೆ ಅವನ ಅಂಗಡಿಯಲ್ಲಿ ಧೂಳು ಹಿಡಿಯುತ್ತಿತ್ತು. ಬಂದಾಗಲೆಲ್ಲ ಅವಳನ್ನು ಬರಿಗೈಲಿ ಕಳಿಸಿದ್ದ.

"ಓಹೋ, ನೀವಾ! ಬನ್ನಿ ಬನ್ನಿ."

"ಹೊಕ್ಕಳ ಸುತ್ತ ಚುಚ್ತೀರಾ ಮೇಡಂ?"

"ಆ ಕಾಲ ಹೋಯ್ತು. ಲಸಿಕೆ ತೋಳಿಗೆ. ಗಾಯದ ಒಳಗೂ ಸುತ್ತಲೂ ಇನ್ನೊಂದು ಔಷಧಿ."

"ಅಲ್ಲಿಗೇನೂ ಬೇಡ, ಎರಡು ಹೊಲಿಗೆ ಹಾಕ್ಬಿಡಿ ಸಾಕು."

"ನಾಯಿ ಕಚ್ಚಿದ ಗಾಯಾನ ಪ್ಯಾಂಟಿನ ಥರ ಹೊಲಿಯೋಕಾಗಲ್ಲ. ತಿರುಗಿ."

ತಿರುಗಿದ. ಆಮೇಲೆ ಅವನು ಹಾಕಿದ ಬೊಬ್ಬೆಗೆ ಸಾಲಿನಲ್ಲಿದ್ದವರಲ್ಲಿ ಒಬ್ಬ ಎದ್ದೇ ಹೋದ.

"ಇನ್ನೂ ಸೂಜಿಗಳಿವೆ. ಚೀಟೀಲಿ ಬರೆದ ದಿನಕ್ಕೇ ಬರ್ಬೇಕು."

"ಒಂದೆರಡು ದಿನ ಆಚೀಚೆ ಆದ್ರೆ?"

"ಇದೇನು ನಿಮ್ಮ ಅಂಗಡೀನಾ? ಇಲ್ಲಿ ತಡ ಆದ್ರೆ ಜೀವಕ್ಕೇ ಕುತ್ತು."

ದರ್ಜಿಗೆ ಜೀವದ ಮೇಲೆ ಆಸೆ ಬಹಳ. ಹೇಳಿದ ದಿನ ಬೆಳಿಗ್ಗೆ, ಆಸ್ಪತ್ರೆಯ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದ. ನರ್ಸಮ್ಮ ಅವನ ತೋಳು ಒರೆಸಿ, ಸೂಜಿಯನ್ನು ಮೇಲೆತ್ತಿ, ಮೆಲ್ಲಗೆ ಕೇಳಿದಳು:

"ಅಂದ ಹಾಗೆ, ನನ್ನ ಬಟ್ಟೆ ಯಾವಾಗ ಸಿಗುತ್ತೆ?"

"ನಾ..." ಎಂದು ಬಾಯಿ ತೆರೆದವನ ಕಣ್ಣು ಸೂಜಿಯ ಮೇಲೆ ಬಿತ್ತು.

"ಇವತ್ತು ಸಂಜೆಗೇ ಮೇಡಂ! ನಾನೇ ತಂದ್ಕೊಡ್ತೀನಿ!"