ಬೆನ್ನು ಮುಚ್ಚಿದ ಸ್ಪೀಕರ್

ಬಸವಕಲ್ಯಾಣದ ತನ್ನ ರಿಪೇರಿ ಅಂಗಡಿಯಲ್ಲಿ ಮಹಜಬೀನ್ ಹಳೆಯ ರೇಡಿಯೋ ಒಂದರ ಹೊಟ್ಟೆ ಬಗೆದುಕೊಂಡು ಕೂತಿದ್ದಾಗ ಫೋನು ಬಂತು. ಆ ಕಡೆ ಹುಮನಾಬಾದಿನ ಮಹಾರುದ್ರಪ್ಪ. ಹಾರ್ಡ್‌ವೇರ್ ಅಂಗಡಿಯ ಸಾವುಕಾರ, ತಮ್ಮ ಓಣಿಯ ಮಠದ ಸಮಿತಿಗೆ ಕಾರ್ಯದರ್ಶಿ.

“ಬೀಬಿ, ನಿನ್ನ ಸ್ಪೀಕರ್ ವಾಪಸ್ ಒಯ್ಯಿ. ನೀರಿನ ಕೊಡದಾಗ ಮುಖ ಇಟ್ಟು ಮಾತಾಡಿದಂಗ ಕೇಳಸ್ತದ. ಅರ್ಧಮರ್ಧ ಕೆಲಸ ಮಾಡಿ ಕೊಟ್ಟೀದಿ ಅಂತ ಇವತ್ತು ಸಂಜಿ ಮೀಟಿಂಗಿನಾಗ ಬರಸ್ತೇನಿ. ಡಿಜೆ ಡಬ್ಬಿ ತರಸ್ತೇವು.”

“ಕೊಡದಾಗ? ಹ್ಯಾಂಗ ಸಾಧ್ಯರಿ? ಎರಡು ತಿಂಗಳ ಹಿಂದ ನಾ ಕೂಡಿಸಿದಾಗ ನೀವೇ ಅಲ್ಲೇ ಕೂತು ಕೇಳಿದ್ರಿ!”

“ಆಗಿಂದು ಆಗ. ಹೆಣ್ಣಮಕ್ಕಳ ಕೈಯಾಗ ಇಂಥಾ ಕೆಲಸ ಕೊಡಬ್ಯಾಡ್ರಿ ಅಂತ ನಾ ಮೊದಲೇ ಹೇಳಿದ್ದೆ.”

ಫೋನು ಕಟ್ಟಾಯಿತು. ಮಹಜಬೀನ್ ಕೈಯಲ್ಲಿದ್ದ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು, ಅದರ ಪ್ಲಗ್ ಕಿತ್ತಳು. ಅವಳ ಕಿವಿಯ ತುದಿ ಬಿಸಿಯಾಗಿತ್ತು. ಅಪ್ಪ ಮಹೆಬೂಬ ಇದೇ ಮೇಜಿನ ಮೇಲೆ ರೇಡಿಯೋ ಬಿಚ್ಚಿ ಕಲಿಸಿದ್ದ. ಅವನು ಹೋದ ಮೇಲೆ ಮೂವತ್ತು ವರ್ಷ ಅವಳೇ ಅಂಗಡಿ ನಡೆಸಿದ್ದಳು. ಅವಳ ಕೆಲಸವನ್ನು ಅರ್ಧಮರ್ಧ ಎಂದವರು ಈ ಮೂವತ್ತು ವರ್ಷದಲ್ಲಿ ಒಬ್ಬರೂ ಇರಲಿಲ್ಲ.

ಆ ಸ್ಪೀಕರ್‌ಗಳನ್ನು ಕೇಳಿ ಮಾಡಿಸಿಕೊಂಡವಳು ಸೂಗಮ್ಮ. ಅದೇ ಮಠದಲ್ಲಿ ವಾರಕ್ಕೊಮ್ಮೆ ವಚನ ಹಾಡುವ ಹೆಂಗಸರ ಹಿರಿಯಳು. “ನಮ್ಮ ದನಿ ದೊಡ್ಡದಾಗೋದು ಬ್ಯಾಡ, ತಂಗಿ. ನಮ್ಮ ದನಿ ನಮ್ಮದೇ ಇರಬೇಕು,” ಎಂದಿದ್ದಳು. ಆ ಮಾತಿಗೆ ತಕ್ಕಂತೆ ಮಹಜಬೀನ್ ಡಬ್ಬಿಯೇ ಇಲ್ಲದ ಒಂದು ಜೋಡಿ ಸ್ಪೀಕರ್ ಮಾಡಿದ್ದಳು. ಎದೆಯೆತ್ತರದ ದಪ್ಪ ಹಲಗೆ, ಅದರ ಮೇಲ್ಭಾಗದಲ್ಲಿ ಎಂಟು ಇಂಚಿನ ಒಂದೇ ಸ್ಪೀಕರ್. ಹೆಣ್ಣುದನಿಯನ್ನು ಮೇಲಿಂದ ಕೆಳಗಿನವರೆಗೆ ಅದೊಂದೇ ಹಾಡುತ್ತದೆ. ಹಿಂಬದಿ ಪೂರ್ತಿ ಬಯಲು. ಸ್ಪೀಕರಿನ ಬೆನ್ನಿನಿಂದ ಹೊರಟ ದನಿಯೂ ಬಿಡುಬೀಸಾಗಿ ಹೋಗುತ್ತದೆ, ಒಳಗೆ ಸಿಕ್ಕಿಬಿದ್ದು ಗುಂಯ್‌ಗುಡುವುದಿಲ್ಲ. ಬರೀ ಹಲಗೆಗೆ ಒಂದು ಐಬುಂಟು: ಹಿಂದಿನ ಅಲೆ ಅಂಚು ಸುತ್ತಿ ಮುಂದೆ ಬಂದು ತಗ್ಗು ಸ್ವರಗಳನ್ನು ತಿಂದುಹಾಕುತ್ತದೆ. ತಬಲಾದ ಡಗ್ಗಾ ಸೊರಗುತ್ತದೆ. ಅದಕ್ಕೆಂದೇ ಕೆಳಗೆ ಹದಿನೈದು ಇಂಚಿನ ಬಾಸ್ ಸ್ಪೀಕರ್ ಕೂಡಿಸಿ, ಅದಕ್ಕೆ ಬೇರೆಯದೇ ಆಂಪ್ಲಿಫೈಯರ್ ಕೊಟ್ಟಿದ್ದಳು. ಎರಡೂ ಒಂದರೊಳಗೊಂದು ಬೆರೆಯುವಂತೆ ಹದ ಮಾಡಲು ಹದಿನೆಂಟು ದಿನ ಹಿಡಿದಿತ್ತು. ಕೂಡಿಸಿದ ದಿನ, ಕಿವಿ ಮಂದವಾದ ದ್ರೌಪತಿ ಕೊನೆಯ ಸಾಲಿನಿಂದ ಎದ್ದು ನಿಂತು, “ಇವತ್ತು ಅಕ್ಷರ ಅಕ್ಷರ ಕೇಳಸ್ತು ನೋಡ್ರಿ,” ಎಂದಿದ್ದಳು.

ಅಂಥದ್ದು ಕೊಡದ ದನಿಯಾಯಿತೇ? ಅದೂ ಮೀಟಿಂಗಿನ ಪುಸ್ತಕದಲ್ಲಿ ಬರೆಸುತ್ತಾನಂತೆ! ಬರೆದದ್ದು ಊರಿಂದೂರಿಗೆ ನಡೆಯುತ್ತದೆ. ನಾಳೆ ಹುಲಸೂರಿನವರು, ನಾಡಿದ್ದು ಮೋರಖಂಡಿಯವರು ಅವಳ ಅಂಗಡಿಯ ಮೆಟ್ಟಿಲ ಹತ್ತಿರ ಬಂದು ಮುಖ ತಿರುಗಿಸುತ್ತಾರೆ. ಮಹಜಬೀನ್ ಸ್ಕ್ರೂಡ್ರೈವರ್‌ಗಳ ಚೀಲ ಹೆಗಲಿಗೇರಿಸಿ, ಶಟರ್ ಎಳೆದು, ಹುಮನಾಬಾದಿನ ಬಸ್ಸು ಹತ್ತಿದಳು. ದಾರಿಯಲ್ಲಿನ ರಾಜೇಶ್ವರ ಊರು ದಾಟುವವರೆಗೂ ತನ್ನ ತಪ್ಪು ಎಲ್ಲಿರಬಹುದೆಂದು ಹುಡುಕಿದಳು. ವೈರು ಸಡಿಲಾಯಿತೇ? ಇಲಿ ಕಡಿಯಿತೇ? ಆಮೇಲೆ ಹುಡುಕುವುದನ್ನು ಬಿಟ್ಟು ಬರೀ ಸಿಟ್ಟು ಮಾಡಿಕೊಂಡು ಕೂತಳು.

ಮಠದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಣ್ಣು ಹಾಯಿಸಿದವಳಿಗೆ ತನ್ನ ಸ್ಪೀಕರ್ ಕಾಣಲಿಲ್ಲ. ಗದ್ದುಗೆಯ ಎಡಬಲಕ್ಕೆ ಎರಡು ಕಪಾಟುಗಳು ನಿಂತಿದ್ದವು, ಕೆಂಪು ಪಾಲಿಶ್ ಹೊಡೆದು ಮಿರಮಿರ ಮಿಂಚುತ್ತ. ಹತ್ತಿರ ಹೋದಾಗ ಆ ಕಪಾಟಿನ ಮುಖ ತನ್ನದೇ ಹಲಗೆ ಎಂದು ಗುರುತು ಹತ್ತಿತು. ಹಿಂದಕ್ಕೆ ಹೋಗಿ ನೋಡಿದಳು. ನಾಲ್ಕೂ ಬದಿಗೆ ಪಟ್ಟಿ, ಬೆನ್ನಿಗೆ ಇಡೀ ಪ್ಲೈವುಡ್, ಗೇಣಿಗೊಂದು ಸ್ಕ್ರೂ.

“ಯಾರು ಮಾಡಿದ್ದು ಇದು?”

ಕಿಟಕಿಯ ಚೌಕಟ್ಟಿಗೆ ರಂದ ಹೊಡೆಯುತ್ತಿದ್ದ ಬಡಿಗ ಗುರುಲಿಂಗ ಹಿಗ್ಗಿನಿಂದ ಎದ್ದು ಬಂದ. “ನಾನೇರಿ ಆಪಾ. ಛಲೋ ಕುಂತಾವಲ್ಲ? ನೀವು ಹಿಂದ ಹಂಗೇ ಬಿಟ್ಟು ಹೋಗಿದ್ರಿ. ಮರತಿರಬೇಕು ಅಂತ ನಾ ಪೂರಾ ಮಾಡೀನಿ.”

“ಮರತಿದ್ನಾ? ಮನಿ ಕಟ್ಟಿದಾಕಿ ಗೋಡಿ ಕಟ್ಟೋದು ಮರೀತಾಳೇನೋ?”

ಗುರುಲಿಂಗನ ಮುಖ ಇಳಿಯಿತು. ಅಷ್ಟರಲ್ಲಿ ಮಹಾರುದ್ರಪ್ಪ ಸಮಿತಿಯ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಅವನ ಹಿಂದೆ ಸೂಗಮ್ಮ ಮತ್ತು ನಾಲ್ಕೈದು ಹೆಂಗಸರು.

“ಅವನಿಗೇನು ಅಂತಿ? ನಾ ಹೇಳಿದ್ದೆ ಮುಚ್ಚಂತ,” ಎಂದ ಮಹಾರುದ್ರಪ್ಪ. “ಇಲ್ಲಿ ಗದ್ದುಗಿಗೆ ಯಾರೂ ಬೆನ್ನು ಕೊಡಂಗಿಲ್ಲ. ನಮಸ್ಕಾರ ಮಾಡಿ ಹಿಂದಹಿಂದಕ್ಕ ನಡೀತೇವು. ನಿನ್ನ ಸ್ಪೀಕರ್ ನೋಡಿದ್ರ ಗದ್ದುಗಿಗೇ ಬರೇ ಬೆನ್ನು ತೋರಿಸಿ ನಿಂತಾವ, ವೈರು ಲೋಹಚುಂಬಕ ಎಲ್ಲಾ ಹೊರಗ! ನಿಮಗ ಇದು ತಿಳಿಯಂಗಿಲ್ಲ ಬೀಬಿ.”

ಕೊನೆಯ ಮಾತು ಎಲ್ಲಕ್ಕಿಂತ ಆಳಕ್ಕೆ ನಾಟಿತು.

“ಯಾಕ ತಿಳಿಯಂಗಿಲ್ಲರಿ? ದರ್ಗಾದಾಗ ನಾವೇನು ಬೆನ್ನು ತಿರುಗಿಸಿ ಬರ್ತೇವೇನು? ನಮ್ಮವ್ವ ವಜೀರಬಿ ಹೊಸ್ತಿಲ ತನಕ ಹಿಂದಹಿಂದಕ್ಕ ನಡೀತಿದ್ಲು, ಎಂಬತ್ತರ ವಯಸ್ಸಿನಾಗೂ. ಒಂದು ಫೋನ್ ಮಾಡಿ ‘ಹಿಂಗ ಅದ ನಮ್ಮ ಪದ್ಧತಿ’ ಅಂದಿದ್ರ ಆವತ್ತೇ ಬಂದು ಉಪಾಯ ಮಾಡ್ತಿದ್ದೆ. ಮುಚ್ಚಾಕ ಫೋನ್ ಬ್ಯಾಡಾಯ್ತು, ಬಯ್ಯಾಕ ಫೋನ್ ಬೇಕಾಯ್ತು!”

ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಹಾರುದ್ರಪ್ಪ ಅತ್ತ ಕೆಕ್ಕರಿಸಿದ.

ಮಹಜಬೀನ್ ಚೀಲ ಬಿಚ್ಚಿ, ನೆಲದ ಮೇಲೆ ಕೂತು ಮೊದಲ ಸ್ಕ್ರೂಗೆ ಕೈ ಹಾಕಿದಳು.

“ಏ, ಸಮಿತಿಯ ಪರ್ಮಿಶನ್ ಬೇಕು!”

“ಮುಚ್ಚುವಾಗ ಯಾರ ಪರ್ಮಿಶನ್ ತಗೊಂಡಿದ್ರಿ?” ಅವಳು ತಲೆ ಎತ್ತಲಿಲ್ಲ. “ಸೂಗಮ್ಮಕ್ಕಾ, ಮೊದಲು ಹಿಂಗೇ ಒಂದು ವಚನ ಹಾಡ್ರಿ. ಎಲ್ಲಾರೂ ಕೇಳ್ರಿ.”

ಸೂಗಮ್ಮ ತಾಳ ಹಿಡಿದು ಮೈಕಿನ ಮುಂದೆ ಕೂತು ಹಾಡಿದಳು, ಹೆಂಗಸರಲ್ಲೊಬ್ಬಳು ತಬಲಾ ನುಡಿಸಿದಳು. ಅವಳ ದನಿ ಎಲ್ಲೋ ನೆಲಮಾಳಿಗೆಯಿಂದ ಬಂದಂತೆ ದಪ್ಪಗೆ, ಮಬ್ಬುಮಬ್ಬಾಗಿ ಬಂತು. ಡಗ್ಗಾದ ಪ್ರತಿ ಪೆಟ್ಟಿಗೂ ಒಂದೇ ಗುಂಯ್. ಮಾತು ಅದರ ಕೆಳಗೆ ಮುಳುಗಿಹೋಗುತ್ತಿತ್ತು. “ಒಂದೂವರಿ ತಿಂಗಳಿಂದ ನನ್ನ ಗಂಟಲೇ ಕೆಟ್ಟದ ಅಂತ ಕಷಾಯ ಕುಡ್ಯಾಕತ್ತೀನಿ,” ಎಂದಳು ಸೂಗಮ್ಮ.

ಅದನ್ನು ಕೇಳಿ ಮಹಜಬೀನ್‌ಳ ಸಿಟ್ಟು ಇಮ್ಮಡಿಸಿತು. ಗುರುಲಿಂಗ ಎದುರಿಗೆ ಬಂದು ಕೂತು ಇನ್ನೊಂದರ ಸ್ಕ್ರೂ ಬಿಚ್ಚತೊಡಗಿದ. ಬದಿಯ ಪಟ್ಟಿಗಳು, ಬೆನ್ನಿನ ಪ್ಲೈವುಡ್ಡು ಎಲ್ಲ ಕಳಚಿ ಗೋಡೆಗೆ ಒರಗಿದವು.

ಸೂಗಮ್ಮ ಅದೇ ವಚನವನ್ನು ಮತ್ತೆ ಎತ್ತಿಕೊಂಡಳು. ಈ ಸಲ ಅವಳು ಅಲ್ಲೇ, ಎದುರಿಗೇ ಇದ್ದಳು. ಎರಡು ಸಾಲುಗಳ ನಡುವೆ ಅವಳು ಎಳೆದುಕೊಂಡ ಉಸಿರು ಕೂಡ ಕೇಳಿತು. ಡಗ್ಗಾ ಹದವಾಗಿ ಮೆತ್ತಗೆ ತಟ್ಟಿ ಸುಮ್ಮನಾಗುತ್ತಿತ್ತು. ಗುರುಲಿಂಗ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಕೂತುಬಿಟ್ಟ. “ನಾ ಇದರ ಮೂಗು ಹಿಡಿದಿದ್ದೆನಲ್ಲರಿ ಆಪಾ,” ಎಂದ ಕೊನೆಗೆ.

“ಅದೆಲ್ಲಾ ಖರೆ. ಆದರ ಬೆನ್ನು?” ಮಹಾರುದ್ರಪ್ಪ ಸೋಲಲಿಲ್ಲ.

“ನನಗೂ ಬೆನ್ನದ. ಅದಕ್ಕ ನಾ ಸೆರಗು ಹೊದೀತೇನಿ, ಪ್ಲೈವುಡ್ ಕಟ್ಕೊಳ್ಳಂಗಿಲ್ಲ,” ಎಂದಳು ಸೂಗಮ್ಮ. “ಇದಕ್ಕೂ ಒಂದು ಸೆರಗು ಹೊದಿಸೋಣು. ಅರಬಿ ಹೊದಿಸಿದ್ರ ದನಿ ಕೆಡ್ತದೇನು ತಂಗಿ?”

“ತೆಳ್ಳಂದು ಇರಲಿ ಅಕ್ಕಾ. ಉಸಿರಾಡುವಂಥಾದ್ದು.”

ಒಬ್ಬಳು ಮನೆಗೆ ಓಡಿ ಹೋಗಿ ಬಿಳಿ ಮಲ್‌ಮಲ್ ಬಟ್ಟೆ ತಂದಳು. ಹಲಗೆಯ ಹಿಂದೆ ಎರಡು ಕೋಲು ಕಟ್ಟಿ ಪರದೆಯಂತೆ ಇಳಿಬಿಟ್ಟರು. ಮತ್ತೆ ಹಾಡಿಸಿ ನೋಡಿದರು. ಕೂದಲೆಳೆಯಷ್ಟೂ ಫರಕು ಇರಲಿಲ್ಲ.

“ಆಯ್ತಲ್ಲ. ಮೀಟಿಂಗಿನಾಗ ಈ ವಿಷಯ ತರಂಗಿಲ್ಲ ಬಿಡು. ಮುಗೀತು,” ಎಂದ ಮಹಾರುದ್ರಪ್ಪ.

“ಮುಗೀಲಿಲ್ಲರಿ ಸಾವುಕಾರ್ರ. ಅರ್ಧಮರ್ಧ ಕೆಲಸ ಅಂದ್ರಿ. ಎಷ್ಟು ಮಂದಿ ಮುಂದ ಅಂದೀರೋ ನಂಗ ಗೊತ್ತಿಲ್ಲ. ಇಷ್ಟು ಮಂದಿ ಮುಂದಾದ್ರೂ ಅಲ್ಲ ಅನ್ರಿ.”

“ಸಣ್ಣ ಮಾತು ದೊಡ್ಡದು ಮಾಡಬ್ಯಾಡ.”

“ಸಣ್ಣದಿದ್ರ ಹೇಳಾಕ ಯಾಕ ಇಷ್ಟು ತ್ರಾಸು?” ಎಂದಳು ಸೂಗಮ್ಮ, ತಾಳವನ್ನು ಕೆಳಗಿಡುತ್ತ. “ನೀವು ಅನ್ನೂತನಕ ನಾವೂ ಹಾಡಂಗಿಲ್ಲ.”

ಮಹಾರುದ್ರಪ್ಪ ಗೋಡೆಯ ಕ್ಯಾಲೆಂಡರು ನೋಡುತ್ತ, “ಬೀಬಿದೇನೂ ತಪ್ಪಿಲ್ಲ,” ಎಂದ. ಕ್ಯಾಲೆಂಡರಿಗೆ ಹೇಳಿದಂತಿತ್ತು. ಮಹಜಬೀನ್ ಚೀಲ ಕಟ್ಟತೊಡಗಿದಳು. ಆಗಲೇ ಅವನು ಗುರುಲಿಂಗನ ಕಿವಿಯಲ್ಲಿ ಮೆಲ್ಲಗೆ ಅಂದದ್ದು ಅವಳಿಗೂ ಕೇಳಿತು: “ಆ ಪ್ಲೈವುಡ್ ಕೋಣಿಯಾಗ ಜ್ವಾಕಿಯಿಂದ ಇಡು. ದೊಡ್ಡ ಮಂದಿ ಬಂದ ದಿನ ಹಾಕೋಣು, ನೋಡಾಕ ಛಂದ ಕಾಣ್ತದ.”

ಮಹಜಬೀನ್ ಗೋಡೆಯ ಕಡೆ ನಡೆದಳು. ಗೋಡೆಗೆ ಒರಗಿದ್ದ ಎರಡೂ ಪ್ಲೈವುಡ್ ಹಲಗೆಗಳನ್ನು ಜೋಡಿಸಿ ಹಗ್ಗದಿಂದ ಬಿಗಿದು ಹೆಗಲಿಗೆ ಆನಿಸಿಕೊಂಡಳು.

“ಏ ಬೀಬಿ, ಅವು ಸಮಿತಿದವು!”

“ಹಂಗಾದ್ರ ಇವತ್ತಿನ ಮೀಟಿಂಗಿನಾಗ ಇದನ್ನ ಬರಸ್ರಿ,” ಎಂದಳು. ಗದ್ದುಗೆಗೆ ತಲೆಬಾಗಿ, ಆ ಭಾರ ಹೊತ್ತುಕೊಂಡೇ ಮೂರು ಹೆಜ್ಜೆ ಹಿಂದಹಿಂದಕ್ಕೆ ನಡೆದು ಹೊರಬಿದ್ದಳು.

ಬಸವಕಲ್ಯಾಣದ ಬಸ್ಸಿನಲ್ಲಿ ಹಲಗೆಗಳು ಒಂದಿಡೀ ಸೀಟಿನ ದಾರಿ ಕಟ್ಟಿ ನಿಂತವು. ಕಂಡಕ್ಟರ್ ಗೊಣಗುತ್ತ ಲಗೇಜಿನ ಟಿಕೇಟು ಹರಿದ.

“ಇಷ್ಟು ಹೊತ್ತುಕೊಂಡು ನಡದೀರಿ, ಏನು ಮಾಡಾವ್ರು ಅವ್ವಾ ಇದರಿಂದ?”

“ಏನೂ ಮಾಡಂಗಿಲ್ಲ,” ಎಂದಳು ಮಹಜಬೀನ್, ಇನ್ನೂ ತಣಿಯದ ದನಿಯಲ್ಲಿ. “ಇವು ಅಲ್ಲಿ ಇರಬಾರದು. ಅಷ್ಟೇ.”