ಮನೆಯವರಿಗೆ ಕೊನೇ ಪಂಕ್ತಿ

ಹರಿಹರ ಟೀಮಿನ ಸಂತೋಷನ ಆ ವಿಡಿಯೋ ನೆನೆಸಿಕೊಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಹರಿಹರದ ಗೇಮಿಂಗ್ ಸೆಂಟರಿನಲ್ಲಿ ನಾವು ಸೋತ ದಿನ ಅವನು ಅಂಗೈ ಮೇಲೆ ಒಂದಿಷ್ಟು ಮಂಡಕ್ಕಿ ಇಟ್ಟುಕೊಂಡು, ಉಫ್ ಅಂತ ಊದಿ, "ಇದೇ ನೋಡ್ರಪ್ಪ ದಾವಣಗೆರೆ ಟೀಮು" ಅಂದಿದ್ದ. ನಿಟ್ಟುವಳ್ಳಿಯಲ್ಲಿ ನಾನು ವೆಲ್ಡಿಂಗ್ ಮಾಡುವ ಶೆಡ್ಡಿಗೆ ಗೇಟು ಮಾಡಿಸೋಕೆ ಬಂದವರೂ ನನ್ನ ಮುಖ ನೋಡಿ ಉಫ್ ಅನ್ನುತ್ತಿದ್ದರು.

ನಾನು ಅವನನ್ನು ಮತ್ತೆ ಪಂದ್ಯಕ್ಕೆ ಕರೆದೆ. ನಾವು ಗೆದ್ದರೆ ಅವನು ವಿಡಿಯೋ ಅಳಿಸಿ, ಎಲ್ಲರಿಗೂ ಮಂಡಕ್ಕಿ-ಮೆಣಸಿನಕಾಯಿ ಬಜ್ಜಿ ಕೊಡಿಸಬೇಕು. ಸೋತರೆ ನಾನೇ ಕ್ಯಾಮೆರಾ ಮುಂದೆ ನಿಂತು ಮಂಡಕ್ಕಿ ಊದಬೇಕು.

ಫೋನಿನಲ್ಲಿ ಆಡುವ ಈ ಆಟ ಇಷ್ಟೇ. ನಾಲ್ಕು ಜನ ಸೇರಿ ಒಬ್ಬ ರಾಕ್ಷಸನನ್ನು ಬೀಳಿಸಬೇಕು. ಯಾವ ಟೀಮಿನ ರಾಕ್ಷಸ ಮೊದಲು ಬೀಳುತ್ತಾನೋ ಅವರು ಗೆದ್ದಂಗೆ. ಅಂಜನಕುಮಾರ ಗುರಾಣಿ ಹಿಡಿದು ಏಟು ತಿನ್ನುವವನು. ಕೊಟ್ಟೂರೇಶ ಹಿಂದೆ ನಿಂತು ಬಾಣ ಬಿಡುವವನು. ನಾನು ಕತ್ತಿ. ನಾಲ್ಕನೆಯವನು ಸೋತ ದಿನವೇ ಕೈಕೊಟ್ಟಿದ್ದ. ಆಡಿ ಗಳಿಸಿದ ಶಕ್ತಿಕಲ್ಲು ಹಾಕಿದರೆ ಲೆವೆಲ್ ಏರುತ್ತದೆ. ಟೀಮಿನ ಕಲ್ಲೆಲ್ಲ ನಾನೇ ಹಾಕಿಕೊಂಡಿದ್ದೆ. ನನ್ನ ಲೆವೆಲ್ ಎಂಬತ್ತು, ಅವರದು ಅದರ ಅರ್ಧ.

"ಲೇ ಎರ್ರಿಸ್ವಾಮಿ," ಅಂದ ಅಂಜನ, "ನೀನೊಬ್ನೇ ಹೊಟ್ಟೆ ತುಂಬ ಉಂಡು, ನಮ್ಮನ್ನ ಉಪಾಸ ಕುಸ್ತಿಗೆ ಬಿಟ್ಟಂಗಾತು. ಕಲ್ಲು ಹಂಚು. ಗಾಯಕ್ಕೆ ಮದ್ದು ಹಾಕೋರನ್ನ ಹುಡುಕು. ಇಲ್ಲಂದ್ರೆ ನಾ ಹರಿಹರದ ಬಸ್ ಹತ್ತಲ್ಲ."

"ಮದ್ದು ಹಾಕಾಕೆ ಯಾರು ಬರ್ತಾರಲೇ? ಎಲ್ಲಾರಿಗೂ ಕತ್ತೀನೇ ಬೇಕು."

"ನಿಮ್ಮಕ್ಕನ್ನ ಕರಿ."

ಅಕ್ಕ ಆಶಾ ಮದುವೆ ಮನೆಗಳಲ್ಲಿ ಊಟ ಬಡಿಸೋಕೆ ಹೋಗುತ್ತಾಳೆ. ಫೋನು ಕೈಗೆ ಕೊಟ್ಟ ದಿನವೇ ಎಡವಟ್ಟು ಮಾಡಿದಳು. ಒಂದು ಗಾಯವೂ ಇಲ್ಲದ ಕೊಟ್ಟೂರೇಶನಿಗೆ ಮದ್ದಿನ ಮೇಲೆ ಮದ್ದು ಸುರಿದಳು.

"ಯಕ್ಕಾ, ಅವ್ನು ಫುಲ್ ಅದಾನೆ! ಸಾಕು!"

"ಸಾಕು ಅಂದೋರನ್ನ ಇನ್ನೊಂದು ಸಲ ಕೇಳ್ಬೇಕಪ್ಪ. ಸಂಕೋಚಕ್ಕೆ ಹಂಗಂತಾರೆ."

"ಇದು ಮದ್ವಿ ಮನಿ ಅಲ್ಲ! ಮದ್ದು ಖಾಲಿ ಆಗ್ತೈತೆ!"

"ಕೂಗಬ್ಯಾಡ. ಕೂಗೋರಿಗೆ ನಾನು ಉಪ್ಪೂ ಹಾಕಲ್ಲ."

ದಿನಾ ಸಂಜೆ ಬೈದಾಡಿಕೊಂಡೇ ಆಡಿದೆವು. ನಿಧಾನಕ್ಕೆ ಉಪಚಾರ ಬಿಟ್ಟು, ಖಾಲಿ ಎಲೆ ನೋಡಿ ಬಡಿಸೋ ಹಂಗೆ ಗಾಯ ನೋಡಿ ಮದ್ದು ಹಾಕೋದು ಕಲಿತಳು. ಆದರೆ ಅವಳ ಲೆವೆಲ್ಲಿಗೆ ಸಿಗುವ ಮದ್ದು ಯಾರ ಗಾಯಕ್ಕೂ ಸಾಲುತ್ತಿರಲಿಲ್ಲ.

"ಚಮಚದಾಗೆ ಸಾರು ಬಡ್ಸು ಅಂದ್ರೆ ಹೆಂಗೋ? ಸೌಟು ಕೊಡು," ಅಂದಳು.

ಹಲ್ಲು ಕಚ್ಚಿಕೊಂಡು ಹೊಸ ಕಲ್ಲೆಲ್ಲ ಅವಳಿಗೆ ಕೊಟ್ಟೆ. ಅವಳದಾದ ಮೇಲೆ ಅಂಜನನಿಗೆ, ಕೊಟ್ಟೂರೇಶನಿಗೆ. ನನ್ನ ಲೆವೆಲ್ ಎಂಬತ್ತರಲ್ಲೇ ಕೂತಿತು. ಅದನ್ನು ನೋಡೋಕಾಗದೆ ಲೆವೆಲ್ ತೋರಿಸುವ ಪುಟವನ್ನೇ ತೆರೆಯುತ್ತಿರಲಿಲ್ಲ.

ಪಂದ್ಯದ ದಿನ ಸೆಂಟರಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಪಕ್ಕದ ಸಾಲಿನಿಂದ ಸಂತೋಷ ಕೂಗಿದ: "ಎರ್ರಿಸ್ವಾಮೀ, ಊದಾಕೆ ಮಂಡಕ್ಕಿ ತಂದೀಯೋ, ನಾವೇ ಕೊಡಾನೋ?"

ನನ್ನ ತಲೆ ಕೆಟ್ಟಿತು. ಅಂಜನನ ಗುರಾಣಿ ದಾಟಿ ಒಬ್ಬನೇ ನುಗ್ಗಿದೆ. ರಾಕ್ಷಸನ ಗದೆ ಬಿತ್ತು. ನನ್ನ ಜೀವದ ಪಟ್ಟಿ ಕೆಂಪಾಯಿತು.

"ಯಕ್ಕಾ, ಮದ್ದು! ನಂಗೆ!"

ಅವಳು ಅಂಜನನಿಗೆ ಹಾಕಿದಳು. ಆಮೇಲೆ ಕೊಟ್ಟೂರೇಶನಿಗೆ.

"ನಾ ಸಾಯ್ತಾ ಇದೀನೇ!"

"ಮನಿಯೋರಿಗೆ ಕೊನೇ ಪಂಕ್ತಿ. ಮೊದ್ಲು ಬೀಗ್ರು ಉಣ್ಲಿ," ಅಂದಳು, ಪರದೆಯಿಂದ ಕಣ್ಣು ಕೀಳದೆ.

ಸತ್ತೆ. ಲೆವೆಲ್ ಎಂಬತ್ತು, ಮೂಟೆ ಬಿದ್ದಂಗೆ ಬಿದ್ದೆ. ಸಂತೋಷ ಹೋ ಅಂತ ನಕ್ಕ. ಕೈಯಲ್ಲಿ ಕೆಲಸವಿಲ್ಲದೆ, ಹಲ್ಲು ಕಡಿಯುತ್ತ, ಮೊದಲ ಸಲ ಪೂರ್ತಿ ಕಾಳಗ ನೋಡಿದೆ. ಅಂಜನ ಕದಲದೆ ನಿಂತಿದ್ದ. ಏಟು ಬಿದ್ದಾಗಲೆಲ್ಲ ಅಕ್ಕನ ಮದ್ದು ಅವನಿಗೆ ತಲುಪಿರುತ್ತಿತ್ತು. ಅವನ ಬೆನ್ನ ಹಿಂದೆ ಕೊಟ್ಟೂರೇಶ ಕಡಲೆಕಾಯಿ ಬಿಡಿಸುವವನ ಹಾಗೆ ಆರಾಮಾಗಿ ಬಾಣ ಬಿಡುತ್ತಿದ್ದ. ಮುಂದೆ ಓಡಿದ್ದ ನನಗೆ ಹಾಕಿದ್ದರೆ ಆ ಮದ್ದು ಮುಂದಿನ ಗದೆ ಏಟಿಗೇ ಹೋಗುತ್ತಿತ್ತು. ಅದು ಕಂಡಿತು. ಕಂಡಿದ್ದಕ್ಕೆ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಪಕ್ಕದ ಸಾಲಿನಲ್ಲಿ ನಗು ನಿಂತಿತ್ತು. ಸಂತೋಷನ ಟೀಮಿನಲ್ಲಿ ಇಬ್ಬರು ಬಿದ್ದಿದ್ದರು, ಉಳಿದಿಬ್ಬರು ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಅಷ್ಟರಲ್ಲಿ ನಮ್ಮ ರಾಕ್ಷಸ ಮೊಣಕಾಲೂರಿ, ಮುಗ್ಗರಿಸಿ, ಮಲಗಿದ.

ನಾನು ಕುರ್ಚಿ ಮೇಲೆ ಹತ್ತಿ ಕೂಗಿದೆ. "ಸತ್ತೋನು ಯಾಕಲೇ ಕುಣಿತೀಯ?" ಅಂದ ಅಂಜನ.

ಸಂತೋಷ ನನ್ನ ಕಣ್ಣೆದುರೇ ವಿಡಿಯೋ ಅಳಿಸಿದ. ಹೊರಗೆ ಗಾಡಿ ಹತ್ತಿರ ಮಂಡಕ್ಕಿ-ಮೆಣಸಿನಕಾಯಿ ಬಂತು. ಅಕ್ಕ ಸುಮ್ಮನಿರುತ್ತಾಳೆಯೇ? ತಟ್ಟೆ ಎಲ್ಲ ತಾನೇ ಇಸ್ಕೊಂಡು ಹಂಚೋಕೆ ನಿಂತಳು. ಹರಿಹರದ ಹುಡುಗರಿಗೆ ಮೊದಲು. "ತಗಳ್ರಿ, ಸಂಕೋಚ ಬ್ಯಾಡ," ಅಂತ ಸಂತೋಷನಿಗೆ ಬ್ಯಾಡ ಬ್ಯಾಡ ಅಂದರೂ ಮತ್ತೊಂದು ಮೆಣಸಿನಕಾಯಿ ಹಾಕಿದಳು.

ನನ್ನ ತಟ್ಟೆಗೆ ಬರುವ ಹೊತ್ತಿಗೆ ಒಂದೇ ಉಳಿದಿತ್ತು. ಅದನ್ನೂ ಅರ್ಧ ಮುರಿದು ತನ್ನ ಬಾಯಿಗೆ ಹಾಕಿಕೊಂಡಳು.

"ನಾನೂ ಮನಿಯೋಳೇ," ಅಂದಳು.