ಅರ್ಧರ್ಧ ಮಾತ್ರೆ

ಸತ್ತ ಅಕ್ಕನ ತಲೆ ಬಾಚುತ್ತಿದ್ದ ಚಿಕ್ಕಮ್ಮನ ಕೈ ಅರ್ಧಕ್ಕೇ ನಿಂತಿತು.

"ಗ್ಲೌಸ್ ಹರಿದುಹೋಗಿದೆ ಕಣೇ. ಅಕ್ಕನ ರೋಗ ನಂಗೂ ಬಂದುಬಿಡುತ್ತಾ?"

"ಇಷ್ಟಕ್ಕೆಲ್ಲ ಬರಲ್ಲ ಚಿಕ್ಕಮ್ಮ. ಸೋಪು ಹಾಕಿ ಕೈ ತೊಳ್ಕೋ, ಸಾಕು," ಎಂದಳು ಸತ್ತವಳ ಮಗಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳ ಮಾತು. ಆದರೂ ಬಂದವರೆಲ್ಲ ಬಾಗಿಲಾಚೆಯೇ ನಿಂತಿದ್ದರು.

ಒಳಗೆ ಮಲಗಿದ್ದವಳು ಬೀದಿಗೆಲ್ಲ ಟೈಲರಮ್ಮ. ಹೊರಗೆ ನಿಂತವರಲ್ಲಿ ಅವಳು ಅಳತೆ ತೆಗೆಯದ ಮೈಯೇ ಇರಲಿಲ್ಲ. "ನಿಮ್ಮೆಲ್ಲರ ಸೊಂಟದ ಗುಟ್ಟು ನನ್ನ ಹೊಟ್ಟೆಯಲ್ಲಿದೆ, ಹುಷಾರು" ಎಂದು ನಗಿಸುತ್ತಿದ್ದಳು.

ಅಂಗಳದ ಬಿಸಿಲಿನಲ್ಲಿ ಕೂತಿದ್ದ ಅಪ್ಪ ನಡುಗುತ್ತಿದ್ದರು. ಅಳುತ್ತಿದ್ದಾರೆ ಎಂದುಕೊಂಡು ಮಗಳು ಹತ್ತಿರ ಹೋದಳು. ಹಣೆ ಕೆಂಡದಂತೆ ಸುಡುತ್ತಿತ್ತು.

"ಅಮ್ಮನಿಗೆ ಆದ ಹಾಗೆ ಮೂತ್ರ ಮಾಡುವಾಗ ಉರಿ ಇದೆಯಾ ಅಪ್ಪ?"

ಅಪ್ಪ ನೆಲ ನೋಡಿದರು. "ನಿನ್ನೆಯಿಂದ. ನಿಮ್ಮಮ್ಮನ ಮಾತ್ರೆ ಉಳಿದಿತ್ತಲ್ಲ, ಅದನ್ನೇ ನುಂಗಿದೆ."

"ಮೊದಲೂ ಹೀಗೇ ನುಂಗ್ತಿದ್ರಾ?"

"ಯಾರಿಗೆ ಜ್ವರ ಬಂದ್ರೂ ಇಬ್ಬರೂ ಹಂಚ್ಕೊಳ್ತಿದ್ವಿ. ಅರ್ಧ ಅವಳಿಗೆ, ಅರ್ಧ ನಂಗೆ. ಚೂರು ವಾಸಿ ಅನ್ನಿಸಿದ್ರೆ ನಿಲ್ಲಿಸಿ ಎತ್ತಿಡ್ತಿದ್ಲು, ಮುಂದಕ್ಕೆ ಬೇಕಾಗುತ್ತೆ ಅಂತ."

ಅರ್ಧಂಬರ್ಧ ಔಷಧಿಗೆ ರೋಗಾಣು ಸಾಯುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ಮಗಳಿಗೆ ಗೊತ್ತಿತ್ತು. ಅಪ್ಪನ ಮೂತ್ರವನ್ನು ಪರೀಕ್ಷೆಯ ಬಾಟಲಿಯಲ್ಲಿ ಹಿಡಿದು, ಸಾವಿಗೆಂದು ಬಂದಿದ್ದ ಲ್ಯಾಬಿನ ಗೆಳೆಯನ ಕೈಗೆ ಕೊಟ್ಟು ಆಸ್ಪತ್ರೆಗೆ ಓಡಿಸಿದಳು.

* * *

ಹೋದ ವಾರ ಅಮ್ಮನ ಮೂತ್ರ ಪರೀಕ್ಷೆ ಮಾಡಿದ್ದು ಮಗಳೇ. ಮೊದಲಾಗಿದ್ದರೆ ರೋಗಾಣುವನ್ನು ಬೆಳೆಸಿ, ಔಷಧಿ ಹಾಕಿ ನೋಡಿ, ದಿನಗಟ್ಟಲೆ ಕಾಯಬೇಕಿತ್ತು. ಹೊಸ ಯಂತ್ರ ಗಂಟೆಯೊಳಗೆ ಹೇಳಿಬಿಡುತ್ತಿತ್ತು. ಪರದೆಯ ಮೇಲೆ ಒಂದೊಂದೇ ಸಾಲು ಮೂಡಿತು. ಈ ಔಷಧಿಗೆ ಬಗ್ಗುವುದಿಲ್ಲ. ಇದಕ್ಕೂ ಇಲ್ಲ. ಇದಕ್ಕೂ ಇಲ್ಲ. ಕೊನೆಗೆ ಉಳಿದದ್ದು ಒಂದೇ. ಅದನ್ನು ಹೇಳಲು ವಾರ್ಡಿಗೆ ಓಡಿದಳು. ಆದರೆ ಅಮ್ಮ ಆಸ್ಪತ್ರೆಗೆ ಬರುವಷ್ಟರಲ್ಲೇ ಸೋಂಕು ರಕ್ತಕ್ಕೆ ಏರಿಯಾಗಿತ್ತು.

"ಮೊದಲೇ ಯಾಕೆ ಹೇಳ್ಲಿಲ್ಲಮ್ಮ?"

"ಯೂನಿಫಾರ್ಮ್ ಹೊಲಿಯೋದಿತ್ತು. ಮಕ್ಕಳು ಬರಿಮೈಯಲ್ಲಿ ಶಾಲೆಗೆ ಹೋಗಕ್ಕಾಗುತ್ತಾ?" ಅಮ್ಮ ನಗಲು ನೋಡಿದಳು. ಆಮೇಲೆ ಮಗಳ ಮಣಿಕಟ್ಟು ಬಿಗಿಯಾಗಿ ಹಿಡಿದು, ಮೆಲ್ಲಗೆ, "ಭಯ ಆಗ್ತಿದೆ ಕಣೇ" ಎಂದಳು.

ಅಮ್ಮನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

* * *

ಹೆಣವನ್ನು ವ್ಯಾನಿಗೆ ಏರಿಸುತ್ತಿದ್ದಾಗ ಫೋನ್ ಬಂತು.

"ಅದೇ ರೋಗಾಣು," ಎಂದ ಗೆಳೆಯ. "ಆ ಒಂದು ಔಷಧಿ ಇವರಿಗೂ ಕೆಲಸ ಮಾಡುತ್ತೆ. ರಕ್ತಕ್ಕೆ ಏರೋ ಮೊದಲು ಶುರು ಮಾಡ್ಬೇಕು. ಈಗಲೇ ಕರ್ಕೊಂಡು ಬಾ."

"ಅವಳನ್ನ ಕಳಿಸಿ ಬರ್ತೀನಿ," ಎಂದರು ಅಪ್ಪ. ಹಲ್ಲು ಕಟಕಟ ಎನ್ನುತ್ತಿತ್ತು.

"ಅಮ್ಮನೂ ಹೀಗೇ ಮಾಡಿದ್ಲು ಅಪ್ಪ. ಕೆಲಸ ಮುಗಿಸಿ ಹೋದ್ರಾಯ್ತು ಅಂತ."

ಅಪ್ಪ ಕದಲಲಿಲ್ಲ. ಚಿಕ್ಕಮ್ಮ ಬಂದು ಅವರ ತೋಳು ಹಿಡಿದಳು. "ಭಾವ, ಅಕ್ಕನ ಜೊತೆ ನಾನು ಹೋಗ್ತೀನಿ. ನೀವು ಇವಳ ಜೊತೆ ಹೊರಡಿ. ಇವಳಿಗೆ ಇನ್ಯಾರಿದ್ದಾರೆ?"

ವ್ಯಾನಿನ ಹಿಂದೆಯೇ ಟ್ಯಾಕ್ಸಿ ಹೊರಟಿತು. ಮುಖ್ಯರಸ್ತೆಯ ಕೆಂಪು ದೀಪದಲ್ಲಿ ಎರಡೂ ಅಕ್ಕಪಕ್ಕ ನಿಂತವು. ಅಪ್ಪ ಕಿಟಕಿಯ ಗಾಜು ಇಳಿಸಿ, ಕೈ ಚಾಚಿ, ವ್ಯಾನಿನ ತಗಡಿನ ಮೇಲೆ ಅಂಗೈ ಊರಿದರು.

ಹಸಿರು ಬಿತ್ತು. ವ್ಯಾನು ನೇರ ಹೋಯಿತು. ಟ್ಯಾಕ್ಸಿ ಆಸ್ಪತ್ರೆಯ ಕಡೆಗೆ ತಿರುಗಿತು. ಅಪ್ಪನ ಕೈ ಕಿಟಕಿಯ ಹೊರಗೇ ಇತ್ತು, ಗಾಳಿಯಲ್ಲಿ ಬೆರಳು ಅಗಲಿಸಿಕೊಂಡು.